ಬಸ್ಸಿಗೆ ಗಾಡಿ ಎನ್ನುವವಳು

ಓಂಪ್ರಕಾಶ ಕಳಿಸಿದ ವಿಡಿಯೊ ಫೋನಿಗೆ ಬಂದಾಗ ಶಕುಂತಲಾಬಾಯಿ ಅಡುಗೆಮನೆಯ ಬಾಗಿಲಲ್ಲಿ ಕೂತು ಮೆಂತ್ಯದ ಪಲ್ಯೆಯ ಎಲೆ ಬಿಡಿಸಿ ಸೋಸುತ್ತಿದ್ದಳು. ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು.

ಓಂಪ್ರಕಾಶ ಅವಳ ಗಂಡನ ಅಣ್ಣನ ಮಗ, ಅವಳನ್ನು ಕಾಕಿ ಎನ್ನುವವನು. ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ, ಪಂಪ್‌ಸೆಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನದೊಂದು ಸ್ಟುಡಿಯೊ ಇದೆ. ಇಷ್ಟು ವರ್ಷ ಮದುವೆಯ ವಿಡಿಯೊ ಮಾಡಿಕೊಂಡಿದ್ದವನು ಈ ಸಲ ಒಂದು ಸಿನಿಮಾವನ್ನೇ ಮಾಡಿ ಮುಗಿಸಿದ್ದ. ಅದರಲ್ಲಿ ತಾಯಿಯ ಪಾತ್ರ ಮಾಡಿದಾಕೆ ಮೈಸೂರಿನ ಕಡೆಯವಳು. ಮುಖ ಈ ಕಡೆಯದೇ ಅನ್ನುವಂತಿತ್ತು, ಆದರೆ ಬಾಯಿ ತೆರೆದರೆ ಬೇರೆ ಊರು. ಹಾಗಾಗಿ ಆ ಪಾತ್ರಕ್ಕೆ ಧ್ವನಿ ಕೊಟ್ಟವಳು ಶಕುಂತಲಾಬಾಯಿ. ಹೆಂಗಸರ ಅಕ್ಕನ ಬಳಗದಲ್ಲಿ ಅವಳು ವಚನ ಓದುವುದನ್ನು ಕೇಳಿದ್ದ ಓಂಪ್ರಕಾಶ, ಕಾಕಿಯ ಧ್ವನಿಯೇ ಬೇಕೆಂದು ಹಟ ಹಿಡಿದು ಸ್ಟುಡಿಯೊಕ್ಕೆ ಕರೆದುಕೊಂಡು ಹೋಗಿದ್ದ. ಕೆಲಸವೆಲ್ಲ ಮುಗಿದ ಮೇಲೆ ಇನ್ನೊಂದು ಮಾತು ಕೇಳಿದ್ದ: ನಿಮ್ಮ ಧ್ವನಿಯನ್ನು ಎಐಗೆ ಕಲಿಸಿಡುತ್ತೇವೆ, ಸಣ್ಣಪುಟ್ಟದ್ದು ತಿದ್ದಬೇಕಾದರೆ ನೀವು ಮತ್ತೆ ಬರುವ ತ್ರಾಸು ತಪ್ಪುತ್ತದೆ. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿದ್ದಾಗ ಕೇಳಿದ ಮಾತು. ಆಗಲಿ ಎಂದಿದ್ದಳು.

ಈಗ ಬಂದದ್ದು ಸಿನಿಮಾದ ಒಂದು ಸಣ್ಣ ತುಣುಕು. ಅಂಗಳದಲ್ಲಿ ಹೊರಸಿನ ಮೇಲೆ ಮಗ ಮಲಗಿದ್ದಾನೆ. ಹಿಂದೆ ಹೂ ಬಿಟ್ಟ ತೊಗರಿಯ ಹೊಲ. ಶೂಟಿಂಗ್ ನಡೆದದ್ದು ಕಡು ಬೇಸಗೆಯಲ್ಲಿ, ನಾರಾಯಣಪುರದಲ್ಲಿ. ಆಗ ಅಲ್ಲಿ ಬರೀ ಉತ್ತಿಟ್ಟ ಕರಿ ಮಣ್ಣಿತ್ತು ಎಂಬುದು ಅವಳಿಗೆ ಗೊತ್ತು. ಈ ಹಳದಿ ಹೂ ಎಲ್ಲಿಂದ ಬಂತು ಎಂದು ಅವಳು ಬೆರಗಿನಿಂದ ನೋಡುತ್ತಿರುವಾಗಲೇ ತಾಯಿ ಕಸಬರಿಗೆ ಹಿಡಿದು ಹೊರಗೆ ಬಂದಳು. ಬಂದು, ಶಕುಂತಲಾಬಾಯಿಯ ಧ್ವನಿಯಲ್ಲಿ ಒದರಿದಳು:

"ಏ ಬಸವಣಪ್ಪಾ, ಏಳೊ ಮೈಗಳ್ಳಾ. ಬಿಸಲ ನೆತ್ತಿಗಿ ಬಂದದ, ಇನ್ನಾ ಬಿದ್ಕೊಂಡೀಯಲ್ಲ."

ಶಕುಂತಲಾಬಾಯಿ ಫೋನನ್ನು ಮೆಂತ್ಯದ ರಾಶಿಯ ಮೇಲೆ ಬೋರಲು ಹಾಕಿದಳು. ಮೊದಲು ನೋಡಿದ್ದು ತಲೆಬಾಗಿಲ ಕಡೆ. ಗಂಡನ ಚಪ್ಪಲಿ ಇರಲಿಲ್ಲ. ಅವನು ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ತನ್ನ ಅಡತಿ ಅಂಗಡಿಯಲ್ಲಿದ್ದ. ಗಂಡನ ಹೆಸರು ಬಸವಣಪ್ಪ.

ಅವಳು ಹೇಳಿದ್ದು ಶಿವರಾಜ ಎಂದು. ಅದರಲ್ಲಿ ಅನುಮಾನವೇ ಇಲ್ಲ. 'ಏ ಶಿವರಾಜಾ, ಏಳೊ ಮೈಗಳ್ಳಾ' ಎಂದು ಗಾಜಿನ ಕೋಣೆಯಲ್ಲಿ ನಿಂತು ಬೈದದ್ದು, ಹೊರಗೆ ಓಂಪ್ರಕಾಶ ನಕ್ಕಿದ್ದು ಎಲ್ಲ ನೆನಪಿತ್ತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ಗಂಡನ ಹೆಸರು ಹೇಳಿದವಳಲ್ಲ. ಹೊಸಿಲ ಮೇಲೆ ಸೇರು ಒದೆಯುವ ಮೊದಲು ಹೆಸರು ಹೇಳೆಂದು ಹೆಂಗಸರೆಲ್ಲ ಅಡ್ಡ ನಿಂತಾಗಲೂ ಅವಳ ತುಟಿ ಅಲುಗಿದ್ದಷ್ಟೇ. ಕೂಗಿ ಹೇಳಿದವಳು ಬೆನ್ನ ಹಿಂದಿದ್ದ ನಾದಿನಿ. ಊರಿನ ಹೆಸರೇ ಬಸವಕಲ್ಯಾಣ. ಅದರ ಅರ್ಧವನ್ನು ನುಂಗಿ 'ಕಲ್ಯಾಣ' ಎನ್ನುವುದು ಅವಳಿಗೊಬ್ಬಳಿಗೆ ಅಲ್ಲ, ಎಲ್ಲರಿಗೂ ರೂಢಿ, ಹಾಗಾಗಿ ಅದು ಸಲೀಸಾಯಿತು. ಬಸವಣ್ಣನಿಗೆ ಅಣ್ಣನವರು ಎನ್ನುತ್ತಾಳೆ. ಅಕ್ಕನ ಬಳಗದಲ್ಲಿ ವಚನ ಓದುವುದು ಅವಳು, ಅದು ಯಾರ ವಚನವೆಂದು ಮೊದಲು ಹೇಳುವುದು ಬೇರೆಯವರು. ಗಂಡನನ್ನು ಕರೆಯುವುದು 'ರೀ' ಎಂದು. ಪರರ ಮುಂದೆ 'ಪೂನಂನ ಅಪ್ಪಾಜಿ'. ಮಗಳು ಪೂನಂ ಹುಟ್ಟುವ ಮೊದಲು ಪರರ ಮುಂದೆ ಏನೆನ್ನುತ್ತಿದ್ದಳೋ ಅವಳಿಗೀಗ ನೆನಪಿಲ್ಲ.

ಫೋನನ್ನು ಮತ್ತೆ ಎತ್ತಿಕೊಂಡಳು. ದನಿ ಸಣ್ಣದು ಮಾಡಿ, ಕಿವಿಗೆ ಹತ್ತಿರ ಹಿಡಿದು, ಇನ್ನೊಮ್ಮೆ ಕೇಳಿದಳು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಸಿಟ್ಟೂ ಬಂತು. ಆದರೆ ಅವೆರಡನ್ನೂ ಪಕ್ಕಕ್ಕೆ ಸರಿಸಿ ಇನ್ನೊಂದು ಮುಂದೆ ಬಂದು ಕೂತಿತು: ನಾನು ಹೇಳಿದರೆ ಹೀಗೆ ಕೇಳಿಸುತ್ತದೆಯೆ?

ಮತ್ತೊಮ್ಮೆ ಹಚ್ಚುವಷ್ಟರಲ್ಲಿ ಗೋಡೆಯಾಚೆಯಿಂದ ಧೂಳಮ್ಮನ ತಲೆ ಕಾಣಿಸಿತು. ನೆರೆಮನೆಯ ಧೂಳಮ್ಮನಿಗೆ ಊರಿನ ಸುದ್ದಿ ಎಲ್ಲರಿಗಿಂತ ಮೊದಲು ಸಿಗುತ್ತದೆ. ಫೋನು ಬಂದ ಮೇಲಂತೂ ಗೋಡೆಯ ಹತ್ತಿರ ಬರುವ ಹೊತ್ತಿಗೆ ಅದು ಹಳತಾಗಿರುತ್ತದೆ. ಓಂಪ್ರಕಾಶನ ತುಣುಕು ಅವಳಿಗೂ ಆಗಲೇ ಬಂದಿತ್ತು.

"ಏನ ಶಕುಂತಲಾ, ಮನ್ಯಾಗ ರೀ, ಸಿನಿಮಾದಾಗ ಮೈಗಳ್ಳ?"

"ನಾ ಅಂದಿಲ್ಲಕ್ಕಾ. ಮಷೀನ ಅಂದದ."

"ನಿನ್ನ ಧ್ವನಿ ನನಗ ಗೊತ್ತಿಲ್ಲೇನು? ದಿನಾ ಗ್ವಾಡಿ ಈ ಕಡಿಂದ ಕೇಳ್ತೀನಿ."

"ಖರೇನ ಅಕ್ಕಾ. ನನ್ನ ಧ್ವನಿ ಅದಕ್ಕ ಕಲಿಸ್ಯಾರ."

ಧೂಳಮ್ಮ ಗೋಡೆಯ ಮೇಲೆ ಮೊಣಕೈ ಊರಿದಳು. "ಧ್ವನಿ ಕಲಿಸ್ಯಾರ, ಆತು. ನಿನ್ನ ಗಂಡನ ಹೆಸರ ಅದಕ್ಕ ಯಾರ ಹೇಳ್ಕೊಟ್ರು?"

ಶಕುಂತಲಾಬಾಯಿ ಮೆಂತ್ಯವನ್ನು ಬದಿಗೆ ಸರಿಸಿ ಎದ್ದಳು.

ಓಂಪ್ರಕಾಶನಿಗೆ ಫೋನು ಹಚ್ಚಿದಳು. ಅವನು ಉತ್ಸಾಹದಲ್ಲಿದ್ದ. ಬರುವ ಐತವಾರ ಕಲ್ಯಾಣದ ಸಭಾಭವನದಲ್ಲಿ ಸಿನಿಮಾ ತೋರಿಸುವುದೆಂದೂ, ಬೀಗರು, ನೆಂಟರು, ಗಂಜಿನ ವ್ಯಾಪಾರಸ್ತರು ಎಲ್ಲರಿಗೂ ಹೇಳಿಯಾಗಿದೆಯೆಂದೂ, ಕಾಕಾ ಮೊದಲ ಸಾಲಿನಲ್ಲಿ ಕೂಡಬೇಕೆಂದೂ ಒಂದೇ ಉಸಿರಿನಲ್ಲಿ ಹೇಳಿದ. ಅವಳು ಹುಡುಗನ ಹೆಸರು ಯಾಕೆ ಬದಲಾಯಿತು ಎಂದು ಕೇಳಿದಳು. ಸಿನಿಮಾ ಜೋಡಿಸಿ ನೋಡಿದಾಗ ಶಿವರಾಜ ಎಲ್ಲಿಯವನಾದರೂ ಆಗಬಹುದು ಅನ್ನಿಸಿತಂತೆ. ಈ ನೆಲದ ಹೆಸರು ಬೇಕೆನ್ನಿಸಿತಂತೆ. ಮೊದಲಾಗಿದ್ದರೆ ಆಗುತ್ತಿರಲಿಲ್ಲ, ಈಗ ಒಂದೇ ಮಧ್ಯಾಹ್ನದಲ್ಲಿ ಎಲ್ಲರ ಬಾಯಲ್ಲೂ ಹೆಸರು ಬದಲಾಯಿಸಿದೆವು, ತುಟಿ ಕೂಡ ಕೂಡಿಕೊಳ್ಳುತ್ತದೆ ನೋಡಿ ಎಂದ.

"ಚಲೋ ಇಲ್ಲೇನ್ರಿ ಕಾಕಿ, ಹೆಸರು?"

"ಓಂಪ್ರಕಾಶ, ನಿಮ್ಮ ಕಾಕಾನ ಅಂಗಡಿ ಬೋರ್ಡಿನ ಮ್ಯಾಲ ಏನ ಬರದದ, ಜರಾ ನೆನಪ ಮಾಡ್ಕೊ."

"ಏನ ಬರದದ್ರಿ? ಬಸವಣಪ್ಪ…" ಅಲ್ಲಿಗೆ ನಿಂತ. "ಕಾಕಿ, ದೇವ್ರ ಆಣಿ, ಕಾಕಾಗ ಹೆಸರ ಅದ ಅನ್ನೋದ ನನಗ ನೆನಪೇ ಆಗ್ಲಿಲ್ಲ."

ಅವನ ಮಾತು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಅವನಿಗೆ ಅವರು ಕಾಕಾ. ಅವನಪ್ಪನಿಗೆ ತಮ್ಮಾ, ಹಮಾಲರಿಗೆ ಸಾವ್ಕಾರ, ಮಗಳಿಗೆ ಅಪ್ಪಾಜಿ. ಹೆಸರು ಇದ್ದದ್ದು ಅಂಗಡಿಯ ಬೋರ್ಡಿನ ಮೇಲಷ್ಟೇ. ಮೊದಲಿನ ಹಾಗೆ ಎಲ್ಲರನ್ನೂ ಮತ್ತೆ ಸ್ಟುಡಿಯೊಕ್ಕೆ ಕರೆಸಿ ಹೇಳಿಸಿದ್ದರೆ ಯಾರಾದರೂ ಒಬ್ಬರು ಹುಬ್ಬೇರಿಸುತ್ತಿದ್ದರು, ಇಲ್ಲವೆ ಅವಳೇ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಮಷೀನು ಯಾರನ್ನೂ ಕೇಳದೆ ಮುಗಿಸಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ಅವಳು ಹುಮನಾಬಾದಿಗೆ ಹೊರಟಳು.

ಸ್ಟುಡಿಯೊದಲ್ಲಿ ಓಂಪ್ರಕಾಶ ಅವಳ ಮುಖ ನೋಡಲಾರದೆ ಚಹಾ ತರಿಸುವ ನೆಪದಲ್ಲಿ ಕೆಳಗಿಳಿದು ಹೋದ. ಧ್ವನಿಯ ಕೆಲಸವೆಲ್ಲ ಆಮ್ರಪಾಲಿಯ ಕೈಯಲ್ಲಿತ್ತು. ಘಾಟಬೋರಾಳದ ಹುಡುಗಿ, ಹೈದರಾಬಾದಿನಲ್ಲಿ ಈ ಕೆಲಸ ಕಲಿತವಳು. ಗಂಡ ಅಜೀತನಿಗೆ ಹುಮನಾಬಾದಿನ ಶಾಲೆಯಲ್ಲಿ ನೌಕರಿಯಾದ ಮೇಲೆ ಇಲ್ಲಿಗೆ ಬಂದಿದ್ದಳು. ಅವಳು ಕುರ್ಚಿ ಎಳೆದು ಕೊಟ್ಟಳು. ಶಕುಂತಲಾಬಾಯಿ ಕೂತವಳೇ ಧೂಳಮ್ಮನ ಪ್ರಶ್ನೆಯನ್ನು ಕೇಳಿದಳು.

ಹೇಳಿಕೊಟ್ಟವರು ಯಾರೂ ಇಲ್ಲ ಎಂದಳು ಆಮ್ರಪಾಲಿ. ನಾನು ಹೆಸರನ್ನು ಬರೀ ಅಕ್ಷರದಲ್ಲಿ ಬರೆದೆ. ಕನ್ನಡ ಹೇಗೆ ಓದಬೇಕೆಂದು ಮಷೀನು ಬೇರೆ ಯಾರಿಂದಲೋ ಕಲಿತಿದೆ, ನೀವು ಹೇಗೆ ಮಾತಾಡುತ್ತೀರೆಂದು ನಿಮ್ಮಿಂದ ಕಲಿತಿದೆ. ಎರಡನ್ನೂ ಕೂಡಿಸಿ ಹೇಳಿತು. ಪರದೆಯ ಮೇಲೆ ಶಕುಂತಲಾಬಾಯಿಯ ಧ್ವನಿ ಹಸಿರು ಗೆರೆಗಳಾಗಿ ಏರಿಳಿಯುತ್ತಿತ್ತು. ಅವಳಿಗೆ ಅದು ರಂಗೋಲಿಯ ಎಳೆಯಂತೆ ಕಾಣಿಸಿತು. ನಾನೆಂದರೆ ಇದೇ ಏನು ಎಂದು ಕೇಳಬೇಕೆನ್ನಿಸಿತು.

"ಕಾಕಿ, ನನಗೂ ಒಂದ ಮಾತ ಕೇಳೂದದ," ಎಂದಳು ಆಮ್ರಪಾಲಿ. "ಸಿಟ್ಟಾಗಬ್ಯಾಡ್ರಿ."

ಆ ಹೆಸರು ಮಷೀನಿನ ಬಾಯಲ್ಲಿ ಸರಿ ಕೂಡುತ್ತಿರಲಿಲ್ಲವಂತೆ. ಧ್ವನಿ ನಿಮ್ಮದೇ, ಆದರೆ ಆ ಒಂದು ಹೆಸರಿಗೆ ಬಂದಾಗ ವಾರ್ತೆ ಓದುವವರ ಹಾಗೆ ಎಲ್ಲ ಅಕ್ಷರವೂ ನೆಟ್ಟಗೆ ನಿಂತುಬಿಡುತ್ತದೆ. ಸರಿಪಡಿಸಲೆಂದು, ನೀವು ಓದಿದ ಮಾತುಗಳಲ್ಲೆಲ್ಲ ಅದಕ್ಕೆ ಹತ್ತಿರದ ಸದ್ದು ಹುಡುಕಿದೆ. ಎಲ್ಲಿಯೂ ಸಿಗಲಿಲ್ಲ. ಬರೆದುಕೊಟ್ಟ ಸಂಭಾಷಣೆಯಲ್ಲಿ ಇತ್ತು. ಆದರೆ ಬಸ್ ಎಂದು ಬರೆದಲ್ಲೆಲ್ಲ ನೀವು ಗಾಡಿ ಎಂದು ಓದಿದ್ದೀರಿ. 'ಬಸ್ ಮಾಡು' ಎಂದಿದ್ದರೆ 'ಸಾಕ ಮಾಡು'. ಬಸವನಹುಳದ ಹಾಗೆ ನಡೆಯಬೇಡ ಎಂಬುದು ಆಮೆಯ ಹಾಗೆ ಆಗಿದೆ. ಅಕ್ಕ ಬಸುರಿ ಎಂಬ ಕಡೆ ಅಕ್ಕನಿಗೆ ದಿನ ಹೋಗಿವೆ ಎಂದಿದ್ದೀರಿ.

"ನಾ ನೀವ ಓದೂದರಾಗ ತಪ್ಪೀರಿ ಅನ್ಕೊಂಡಿದ್ದೆ," ಎಂದಳು ಆಮ್ರಪಾಲಿ. "ನಿನ್ನೆ ಓಂಪ್ರಕಾಶ ಸರ್ ಹೇಳಿದ ಮ್ಯಾಲ ತಿಳೀತು."

ಶಕುಂತಲಾಬಾಯಿ ಪರದೆಯನ್ನು ನೋಡುತ್ತ ಕೂತಳು. ಗಾಡಿ ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆಯ ಮುಂದೆ ಬಸ್ ಎನ್ನಲು ಹೋಗಿ ತುಟಿ ಕಚ್ಚಿಕೊಂಡು, ಆಮೇಲೆ ರೂಢಿಯಾದ ಮಾತು ಅದು. ಬಸವನಹುಳವೂ ಗೊತ್ತಿತ್ತೆನ್ನಬಹುದು. ಆದರೆ ಬಸುರಿ? ತಾನು ಪೂನಂಳನ್ನು ಹೊತ್ತಾಗ ತವರಿಗೆ ಆ ಸುದ್ದಿ ಹೇಗೆ ಹೇಳಿದೆ ಎಂದು ನೆನಪಿಸಿಕೊಳ್ಳಲು ನೋಡಿದಳು. ದಿನ ಹೋಗ್ಯಾವ ಎಂದೇ ಹೇಳಿದ್ದಳು. ಹೆಸರನ್ನು ಬಿಟ್ಟದ್ದು ಅವಳಿಗೆ ತಿಳಿದಿತ್ತು. ಹೆಸರಿನ ಸುತ್ತಲೂ ಇಷ್ಟು ಜಾಗ ಖಾಲಿ ಬಿಟ್ಟು ತಾನು ಇಷ್ಟು ಕಾಲ ಮಾತಾಡಿಕೊಂಡು ಬಂದಿದ್ದೇನೆ ಎಂಬುದು ತಿಳಿದಿರಲಿಲ್ಲ. ಯಾರೂ ಹೇಳಿರಲಿಲ್ಲ. ಗಂಡನೂ ಗಮನಿಸಿರಲಾರ. ಅದನ್ನು ಕಂಡುಹಿಡಿಯಲು, ಅವಳ ಪ್ರತಿಯೊಂದು ಮಾತನ್ನೂ ಕೂಡಿಸಿಟ್ಟುಕೊಳ್ಳುವ ಒಂದು ಮಷೀನು ಬೇಕಾಯಿತು.

"ಅದು ಇನ್ನೂ ಹ್ಯಾಂಗ ಹ್ಯಾಂಗ ಹೇಳ್ತದವ್ವಾ?" ಎಂದು ಕೇಳಿದಳು.

ಆಮ್ರಪಾಲಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ನಕ್ಕು, ಕೀಲಿಮಣೆಯ ಹತ್ತಿರ ಸರಿದಳು. ಸಿಟ್ಟಿನಿಂದ ಹೇಳಿಸಿದಳು, ಅದು ಶಾಲೆಯಲ್ಲಿ ಹಾಜರಿ ಕರೆದಂತಿತ್ತು. ಅಳುತ್ತ ಹೇಳಿಸಿದಳು, ಸತ್ತ ಮನೆಯ ಅಳುವಾಯಿತು. ಶಕುಂತಲಾಬಾಯಿ ಗಾಬರಿಯಾಗಿ ಕೈಯಾಡಿಸಿ ನಿಲ್ಲಿಸಿದಳು. ಪ್ರೀತಿಯಿಂದ ಎಂದು ಬರೆದು ಹೇಳಿಸಿದಾಗ ಸಾಬೂನಿನ ಜಾಹೀರಾತಿನವಳಂತೆ ಕೇಳಿಸಿತು. ಇಬ್ಬರೂ ನಕ್ಕರು. ಅಜೀತನನ್ನು ನೀನು ಏನೆಂದು ಕರೆಯುತ್ತೀ ಎಂದು ಶಕುಂತಲಾಬಾಯಿ ಕೇಳಿದಳು.

"ಅಜೀತ ಅಂತನೇ ಕರೀತೀನ್ರಿ. ನಮ್ಮ ಅವ್ವನೂ ನಮ್ಮಪ್ಪಗ ಹೆಸರ ಹಿಡದೇ ಕರೀತಿದ್ಳು."

"ಕರದ ಕೂಡ್ಲೇ ಬರ್ತಾನೇನು?"

"ಎಲ್ಲಿ ಬರ್ತಾನ್ರಿ. ಕ್ರಿಕೆಟ್ ಹಚ್ಚಿದ್ರ ಅಜೀತ ಅನ್ನೂದೂ ಒಂದೇ, ಗ್ವಾಡಿಗಿ ಮಾತಾಡೂದೂ ಒಂದೇ."

ಆಮೇಲೆ ಆಮ್ರಪಾಲಿ ಯಾವುದೋ ಗುಂಡಿ ತಿರುಗಿಸಿ, ಇದು ನಿಮ್ಮ ಸಣ್ಣ ವಯಸ್ಸಿನ ಧ್ವನಿ ಕೇಳಿ ಎಂದಳು. ತೆಳ್ಳನೆಯ ದನಿ, ಬಾಗಿಲಾಚೆ ನಿಂತು ಒಳಗೆ ಬರಲೋ ಬೇಡವೋ ಎಂದು ಕೇಳುವಂತೆ, ಒಂದೇ ಸಲ ಅಂದಿತು: ಬಸವಣಪ್ಪಾ?

ಶಕುಂತಲಾಬಾಯಿಯ ನಗು ನಿಂತಿತು. ಆ ಹುಡುಗಿ ಅವಳಿಗೆ ಗೊತ್ತು. ಹಸಿರು ಸೀರೆಯ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು, ಇಡೀ ದಿನ ಒಂದು ಮಾತು ಆಡಲು ಕಾದಿರುತ್ತಿದ್ದವಳು. ಆಡುವ ಹೊತ್ತು ಬಂದಾಗ 'ರೀ' ಎಂದು ಸುರುಮಾಡುತ್ತಿದ್ದಳು, ಹಾಗೆ ಸುರುವಾದ ಮಾತು ಯಾವಾಗಲೂ ಊಟಕ್ಕೇಳ್ರಿ, ಹಾಲ ತೀರ್ಯಾವ್ರಿ ಎಂಬಲ್ಲಿಗೇ ಮುಗಿಯುತ್ತಿತ್ತು. ಹೆಸರಿನಿಂದ ಸುರುವಾಗಿದ್ದರೆ ಎಲ್ಲಿಗೆ ಹೋಗುತ್ತಿತ್ತೋ. ಬೇರೆ ಎಲ್ಲಿಗೂ ಹೋಗದೆಯೂ ಇರಬಹುದು. ಆಮ್ರಪಾಲಿಯ ಮನೆಯಲ್ಲೂ ಹಾಲು ತೀರುತ್ತದೆ. ಆದರೂ ಆ ಹುಡುಗಿ ಒಂದು ಸಲ ಹೇಳಿ ನೋಡಬಹುದಿತ್ತು. ಅವಳು ಹೇಳದೆ ಉಳಿಸಿದ್ದನ್ನು ಈಗ ಈ ಪೆಟ್ಟಿಗೆ ಹೇಳುತ್ತಿದೆ.

"ಇದು ನನಗಿಂತ ಮೊದಲ ಹೇಳಿಬಿಟ್ಟದಲ್ಲವ್ವಾ," ಎಂದಳು.

ಆಮ್ರಪಾಲಿ ನಗಲಿಲ್ಲ. ಆ ಧ್ವನಿಯನ್ನು ಮುಚ್ಚಿಟ್ಟಳು.

ಚಹಾ ತಂದ ಓಂಪ್ರಕಾಶ ನೆಲ ನೋಡುತ್ತ ಹೇಳಿದ: ಕಾಕಿ ಹೇಗೆ ಹೇಳುತ್ತಾರೋ ಹಾಗೆ. ಬೇಕಾದರೆ ಸಂಜೆಯೊಳಗೆ ಮತ್ತೆ ಶಿವರಾಜ ಎಂದು ಮಾಡಿಬಿಡುತ್ತೇವೆ, ಪೋಸ್ಟರಿನಲ್ಲಿ ಈ ಹೆಸರು ಅಚ್ಚಾಗಿದ್ದರೆ ಇರಲಿ. ಇಲ್ಲವೆ, ಹೆಸರು ಹೀಗೇ ಇರಲಿ ಎನ್ನುವುದಾದರೆ, ಅದೊಂದು ಮಾತನ್ನು ನೀವೇ ನಿಮ್ಮ ಬಾಯಿಂದ ಹೇಳಿದರೆ ಚೆನ್ನ. ಎರಡನೆಯದನ್ನು ಹೇಳುವಾಗ ಅವನ ದನಿ ಇನ್ನೂ ಇಳಿದಿತ್ತು. ಅವಳು ಮನಸ್ಸಿನಲ್ಲಿ ಶಿವರಾಜ ಎಂದು ಆಗಲೇ ತೀರ್ಮಾನಿಸಿದ್ದಳು. ಗಂಡ ಮೊದಲ ಸಾಲಿನಲ್ಲಿ ಕೂತಿರುವಾಗ, ಗಂಜಿನ ಮಂದಿಯೆಲ್ಲ ಹಿಂದೆ ಕೂತಿರುವಾಗ, ತನ್ನ ಧ್ವನಿ ಅವನನ್ನು ಹೆಸರು ಹಿಡಿದು ಮೈಗಳ್ಳ ಎಂದು ಬೈಯುವುದೆಂದರೇನು. ಆದರೂ ಬಾಯಿಂದ ಬಂದದ್ದು, ಫೋನು ಮಾಡಿ ಹೇಳುತ್ತೇನೆ ಎಂಬ ಮಾತು.

ಮನೆಗೆ ಬಂದಾಗ ಬಸವಣಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಬಿಸಿಲು ಇನ್ನೂ ಇತ್ತು. ಇಷ್ಟು ಬೇಗ ಅಂಗಡಿ ಬಿಟ್ಟು ಬರುವವನಲ್ಲ. ಅವಳು ನೀರು ತಂದು ಕೊಟ್ಟಳು. ಅವನು ಕುಡಿಯದೆ ತಂಬಿಗೆಯನ್ನು ಪಕ್ಕಕ್ಕಿಟ್ಟು, ಬಿಳಿ ಟೋಪಿ ತೆಗೆದು ಮೊಣಕಾಲ ಮೇಲೆ ಹಾಕಿಕೊಂಡ.

"ಗಯಾಸುದ್ದೀನ ತನ್ನ ಫೋನಿನ್ಯಾಗ ತೋರಿಸ್ದ," ಎಂದ. ಗಯಾಸುದ್ದೀನ ಪಕ್ಕದ ಅಡತಿ ಅಂಗಡಿಯವನು, ಇವನ ಜೊತೆಗೆ ಶಾಲೆಗೆ ಹೋದವನು, ಇವನನ್ನು ದೋಸ್ತ ಎಂದೇ ಕರೆಯುವವನು.

ಅವಳು ಕಂಬ ಹಿಡಿದು ನಿಂತಳು. ಅವನೇ ಹೇಳಿದ. ತಾನು ಆಚೆ ಮುಖ ಮಾಡಿಕೊಂಡು ತೂಕ ನೋಡುತ್ತಿದ್ದನಂತೆ. ಬೆನ್ನ ಹಿಂದೆ ಹೆಸರು ಕೇಳಿಸಿತಂತೆ. ಕೇಳಿಸಿದ್ದೇ ಕೈಯಲ್ಲಿದ್ದ ಕಾಳು ಬಿಟ್ಟು ಎದ್ದು ನಿಂತನಂತೆ.

"ಎದ್ದ ನಿಂತ್ಬಿಟ್ಟೆ. ಎಲ್ಲಾರೂ ನಕ್ರು. ಅವ್ವ ಹೋದ ಮ್ಯಾಲ ನನಗ ಹಂಗ ಯಾರೂ ಕರದಿಲ್ಲ." ಆಮೇಲೆ ಅವಳ ಕಡೆ ತಿರುಗಿ ಕೇಳಿದ: "ಅದು ನೀ ಅಂದಿದ್ದೇನು?"

"ಇಲ್ರಿ. ಮಷೀನ ಅಂದದ್ದು."

"ಮಷೀನ."

"ನಾ ಶಿವರಾಜ ಅಂದಿದ್ದೆ. ಅವರು ಆಮ್ಯಾಲ ಬದಲಿ ಮಾಡ್ಯಾರ."

"ಹೌದಾ," ಎಂದ ಬಸವಣಪ್ಪ. ಟೋಪಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಅವಳು ಬೇಗ ಬೇಗ ಹೇಳಿದಳು: ನಾನು ಅದಕ್ಕಾಗಿಯೇ ಹುಮನಾಬಾದಿಗೆ ಹೋಗಿ ಬಂದೆ, ಆ ಹೆಸರು ತೆಗೆಯುತ್ತಾರೆ, ಐತವಾರದೊಳಗೆ ಎಲ್ಲ ಮೊದಲಿನ ಹಾಗೆ ಆಗುತ್ತದೆ, ಯಾರೂ ನಗುವುದಿಲ್ಲ.

"ಇರ್ಲಿ ಬಿಡು. ತಗಸಬ್ಯಾಡ. ಚಂದ ಅದ." ಅಂಗಿಯ ಕಿಸೆಯಿಂದ ಫೋನು ತೆಗೆದ. ಗಯಾಸುದ್ದೀನ ಅವನ ಫೋನಿಗೂ ಅದನ್ನು ಹಾಕಿಕೊಟ್ಟಿದ್ದ. ಕಟ್ಟೆಯ ಮೇಲೆ, ಅವಳ ಎದುರಿಗೇ, ಅವನು ಅದನ್ನು ಹಚ್ಚಿದ. ಏ ಬಸವಣಪ್ಪಾ ಎಂದು ಅದು ಕರೆಯಿತು. ಅವನು ತಲೆಯನ್ನು ಒಂದಿಷ್ಟು ವಾರೆ ಮಾಡಿ ಕೇಳಿದ, ದೂರದ ಹಾಡು ಕೇಳಿಸಿಕೊಳ್ಳುವವರ ಹಾಗೆ.

ಶಕುಂತಲಾಬಾಯಿ ಅಡುಗೆಮನೆಗೆ ಹೋದಳು. ಅಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ. ನಿನ್ನೆಯಿಂದ ಅವಳು ಹೆದರಿದ್ದು ಅವನ ಸಿಟ್ಟಿಗೆ, ಮಂದಿಯ ನಗೆಗೆ. ಇದಕ್ಕೆ ಅವಳು ತಯಾರಿರಲಿಲ್ಲ. ಅವನಿಗೂ ಈ ಹಸಿವು ಇತ್ತು, ಅದರ ಸುಳಿವು ಒಂದು ದಿನವೂ ಕೊಟ್ಟಿರಲಿಲ್ಲ. ಈಗ ಯಾರೋ ಅಕ್ಷರ ಬರೆದು ಹೇಳಿಸಿದ ಒಂದು ಬೈಗುಳದಿಂದ ಅದು ತೀರುತ್ತಿದೆ. ಚಂದ ಅದ ಎಂದನಲ್ಲ, ಆ ಮಾತು ಚುಚ್ಚಿತು. ಅದು ಚಂದವಿರಲಿಲ್ಲ. ವಾರ್ತೆ ಓದಿದಂತಿತ್ತು. ಅವನ ಹೆಸರಿನ ನಡುವಿನ ಅಕ್ಷರವನ್ನು ಈ ಊರಿನಲ್ಲಿ ಯಾರೂ ಹಾಗೆ ಒತ್ತಿ ಹೇಳುವುದಿಲ್ಲ, ಬಸಣಪ್ಪ ಎನ್ನುತ್ತಾರೆ. ಅವನ ಅವ್ವ ಹಾಗೆಯೇ ಕರೆಯುತ್ತಿದ್ದಳು. ತನ್ನ ಈ ಸಂಕಟಕ್ಕೆ ಏನೆಂದು ಹೆಸರಿಡುವುದೆಂದು ಶಕುಂತಲಾಬಾಯಿ ನಿಂತಲ್ಲೇ ಹುಡುಕಿದಳು. ಸಿಕ್ಕಾಗ ಅವಳಿಗೇ ನಗು ಬಂತು. ಸವತಿಯ ಮೇಲೆ ಇರುವಂಥದ್ದು ಅದು.

ಫೋನು ತೆಗೆದು 'ನಾ ನಾಳಿ ಬರ್ತೀನಿ' ಎಂದು ಆಮ್ರಪಾಲಿಗೆ ಹೇಳಿದಳು.

ಮರುದಿನ ಬಸವಣಪ್ಪನೂ ಹೊರಟು ನಿಂತ. ಹುಮನಾಬಾದಿನ ಗಂಜಿನಲ್ಲಿ ಕೆಲಸವಿದೆ ಎಂದ. ಅಂಥ ಕೆಲಸವೇನೂ ಇಲ್ಲವೆಂದು ಅವಳಿಗೂ ಗೊತ್ತಿತ್ತು. ಸ್ಟುಡಿಯೊದ ಮೆಟ್ಟಿಲ ಹತ್ತಿರ ಅವಳು ನಿಂತು, ನೀವು ಮೇಲೆ ಬರಬೇಡಿ ಎಂದಳು. ಅವನು ರಸ್ತೆ ದಾಟಿ ಚಹಾದ ಅಂಗಡಿಯ ಕಡೆ ನಡೆದ.

ಗಾಜಿನ ಕೋಣೆಯಲ್ಲಿ ಅವಳ ಎದುರಿನ ಪರದೆಯ ಮೇಲೆ ಅದೇ ಅಂಗಳ, ಅದೇ ಹೊರಸು, ಇಲ್ಲದ ಹೊಲದ ಹಳದಿ ಹೂ. ಕೆಂಪು ದೀಪ ಹತ್ತಿದಾಗ ಅವಳು ಉಸಿರೆಳೆದುಕೊಂಡಳು. ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದಳು. ಆಮ್ರಪಾಲಿ ಅವಸರ ಮಾಡಲಿಲ್ಲ. ಕೊನೆಗೆ ಅದು ಬಂತು, ಹೀಗೆ ಬಂತು:

"ಬಸಣಪ್ಪಾ, ಏಳ್ರಿ. ಬಿಸಲ ಬಂದದ್ರಿ."

ಗಾಜಿನಾಚೆ ಆಮ್ರಪಾಲಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಮಾತು ಶಕುಂತಲಾಬಾಯಿಯ ಕಿವಿಯಲ್ಲಿ ಕೇಳಿಸಿತು. "ಕಾಕಿ, ಅಂವ ನಿಮ್ಮ ಮಗರಿ. ಮೈಗಳ್ಳ."

"ಗೊತ್ತದವ್ವಾ. ಬಾಯಿಗಿ ಗೊತ್ತಿಲ್ಲ."

ಆಮೇಲೆ ಬೈಗುಳ ಬಂತು. ಒಂದೆರಡು ಸಲ ತಪ್ಪಿ, ಆಮೇಲೆ ಚೆನ್ನಾಗಿಯೇ ಬಂತು. ಅಂಗಳದಲ್ಲಿ ನಿಂತು ಮಗನನ್ನು ಎಬ್ಬಿಸುವ ತಾಯಿಯ ಬೈಗುಳ, ನಡುವಿನ ಅಕ್ಷರ ನುಂಗಿದ ಹೆಸರು. ಓಂಪ್ರಕಾಶ ಕೈ ಮುಗಿದ. ಎಲ್ಲ ಮುಗಿದು ಅವಳು ಹೊರಗೆ ಬಂದಾಗ ಆಮ್ರಪಾಲಿ ಮೊದಲನೆಯದನ್ನು, ಆ 'ಏಳ್ರಿ'ಯನ್ನು, ಹಚ್ಚಿ ಕೇಳಿಸಿದಳು. ಇದು ಸಿನಿಮಾಕ್ಕೆ ಬರುವುದಿಲ್ಲ, ಆದರೆ ಇಷ್ಟು ಚಂದದ್ದು ಬೇರೆ ಯಾವುದೂ ಬಂದಿಲ್ಲ ಎಂದಳು. ಮಷೀನಿಗೆ ಈಗ ಹೆಸರು ಸಿಕ್ಕಿತು, ಕಲಿಸಿದರೆ ಇನ್ನು ಮುಂದೆ ಹೀಗೇ ಹೇಳುತ್ತದೆ ಎಂದೂ ಹೇಳಿದಳು.

"ಕಲಿಸಲೇನ್ರಿ? ಇಲ್ಲಾಂದ್ರ ಇದೊಂದ ಕಾಕಾನ ಫೋನಿಗಿ ಕಳಿಸಲೇನ್ರಿ?"

ಶಕುಂತಲಾಬಾಯಿ ಪರದೆಯ ಮೇಲಿನ ಹಸಿರು ಗೆರೆಯನ್ನು ನೋಡಿದಳು. ಹೆಸರು ಬಂದಲ್ಲಿ ಅದು ಸಣ್ಣಗೆ ನಡುಗಿತ್ತು, ಕಣ್ಣಿಗೆ ಕಾಣುವಷ್ಟು.

"ಎರಡೂ ಬ್ಯಾಡ. ಸಿನಿಮಾದ್ದಷ್ಟ ಇಟ್ಕೊ, ಇದು ಅಳಿಸು."

ಅಳಿಸುವುದನ್ನು ನಿಂತು ನೋಡಿದಳು. ಆಮೇಲೆ ಮೆಟ್ಟಿಲಿಳಿದು ಬಂದಳು.

ರಸ್ತೆಯಲ್ಲಿ ಸೋಲಾಪುರದ ಕಡೆಯ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಆಚೆ ಬದಿಯಲ್ಲಿ ಬಸವಣಪ್ಪ ಇವಳಿಗೆ ಬೆನ್ನು ಮಾಡಿ, ಎತ್ತರದಿಂದ ಚಹಾ ಸುರಿಯುವುದನ್ನು ನೋಡುತ್ತ ನಿಂತಿದ್ದ. ಅವಳು ಅಂಚಿನಲ್ಲಿ ನಿಂತು ಕರೆದಳು.

"ರೀ."

ಚಹಾ ಕುಡಿಯುತ್ತಿದ್ದ ಇಬ್ಬರು ತಿರುಗಿದರು. ಆಟೊದವನು ತಲೆ ಹೊರಗೆ ಹಾಕಿದ. ಹೆಲ್ಮೆಟ್ ಹಾಕಿಕೊಂಡವನೊಬ್ಬ ಗಾಡಿ ನಿಲ್ಲಿಸಿ, ನನಗೇನ್ರಿ ಎಂಬಂತೆ ಕೈ ಮಾಡಿದ. ತಿರುಗಬೇಕಾದವನೊಬ್ಬ ತಿರುಗಲಿಲ್ಲ. ಇನ್ನಷ್ಟು ಜೋರಾಗಿ ರೀ ಎಂದಳು. ಇನ್ನೂ ಒಂದಿಬ್ಬರು ನೋಡಿದರು. ಒಂದು ಲಾರಿ ದಾಟಿ, ಮುಂದಿನದು ಬರುವ ಮೊದಲು ರಸ್ತೆ ಒಂದು ಕ್ಷಣ ಖಾಲಿಯಾಯಿತು. ಹೇಗೆ ಹೇಳಬೇಕೆಂದು ಯೋಚಿಸಲು ಅಷ್ಟು ಹೊತ್ತು ಸಾಲದಾಗಿತ್ತು.

"ಬಸಣಪ್ಪಾ."

ಅವನ ಬೆನ್ನು ನೆಟ್ಟಗಾಯಿತು. ಚಹಾದ ಗ್ಲಾಸು ಹಾಗೇ ಕೈಯಲ್ಲಿ ನಿಂತಿತು. ಆಮೇಲೆ ಇನ್ನೊಂದು ಕೈ ಅಂಗಿಯ ಕಿಸೆಗೆ ಹೋಯಿತು. ಫೋನು ಹೊರತೆಗೆದು, ತನ್ನಷ್ಟಕ್ಕೆ ತಾನೇ ಹತ್ತಿಕೊಂಡಿತೇನೋ ಎಂಬಂತೆ ಅದನ್ನು ಹಿಂದೆಮುಂದೆ ತಿರುಗಿಸಿ ನೋಡತೊಡಗಿದ.

ಅವಳು ಇನ್ನೊಮ್ಮೆ ಕರೆಯಬೇಕಾಯಿತು.